ಟಿಲ್ಲರಿಗೆ ಹ್ಯಾಂಡಲ್ ಹಾಕುವವಳು ನಾನೇ

ಗದ್ದೆ ಹೂಡುವ ನಮ್ಮ ಟಿಲ್ಲರ್ ಸರಿಯಾಗಿ ಸ್ಟಾರ್ಟ್ ಆದ ದಿನ ಬಯಲಿನಲ್ಲಿ ಒಂದು ಕಾಗೆಯೂ ತಿರುಗಿ ನೋಡುವುದಿಲ್ಲ. ಸ್ಟಾರ್ಟ್ ಆಗದ ದಿನ ಮಾತ್ರ ಜನ ಎಲ್ಲಿಂದ ಹುಟ್ಟಿ ಬರುತ್ತಾರೋ ದೇವರಿಗೇ ಗೊತ್ತು. ಬೀಡಿ ಸೇದುತ್ತಾ ಬರುವವರು, ಕೊಡೆ ಬಿಡಿಸಿಕೊಂಡು ಬರುವವರು, ಸಂತೆಗೆ ಹೊರಟು ಅರ್ಧ ದಾರಿಯಿಂದ ತಿರುಗಿ ಬರುವವರು. ಬಂದವರೆಲ್ಲ ಮೊದಲು ಮಿಷನ್ ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ, ಕೊನೆಗೆ ಲೊಚಗುಟ್ಟುತ್ತಾರೆ. ಇಂಥದ್ದು ನನಗೊಬ್ಬಳಿಗೇ ಯಾಕಾಗುತ್ತದೆ ಅಂತ ಮೊದಮೊದಲು ಮಂಡೆ ಬಿಸಿ ಮಾಡಿಕೊಳ್ಳುತ್ತಿದ್ದೆ. ಈಗ ಅದನ್ನೆಲ್ಲ ಬಿಟ್ಟಿದ್ದೇನೆ. ಬಂದವರಿಗೆ ಕೂರಲು ಒಂದು ಮಣೆ ಹಾಕಿ ನನ್ನ ಕೆಲಸ ನೋಡಿಕೊಳ್ಳುತ್ತೇನೆ.

ನಾನು ಬ್ರಹ್ಮಾವರದ ಕಡೆಯವಳು, ಬೈಂದೂರು ಹತ್ತಿರದ ಯಡ್ತರೆಗೆ ಮದುವೆಯಾಗಿ ಬಂದವಳು. ನಮ್ಮ ಯಜಮಾನರು ಖಾಸಗಿ ಬಸ್ಸಿನ ಡ್ರೈವರ್. ಬೈಂದೂರು ಕುಂದಾಪುರ, ಕುಂದಾಪುರ ಬೈಂದೂರು, ಅಷ್ಟೇ ಅವರ ಪ್ರಪಂಚ. ಮನೆಯಲ್ಲಿ ಪಾಲಾದಾಗ ಮನೆ ಮುಂದಿನ ಗದ್ದೆಗಳು, ನಡುವಿನ ಕಂಬಳಗದ್ದೆಯೂ ಸೇರಿ, ನಮಗೆ ಬಂದವು. ಆವತ್ತಿನಿಂದ ನಮ್ಮ ಭಾವನಿಗೆ, ಅಂದರೆ ಯಜಮಾನರ ಅಣ್ಣನಿಗೆ, ನಿದ್ದೆ ಇಲ್ಲ. ಪಕ್ಕದ ಮನೆಯವರೇ. ದಿನ ಬೆಳಗಾದರೆ ಬೇಲಿ ಹತ್ತಿರ ಬಂದು, "ಹೆಂಗ್ಸೊಬ್ಳ್ ಎಷ್ಟ್ ದಿನ ಅಂದೇಳಿ ಮಾಡುದ್? ಗೆದ್ದೆ ನಂಗೆ ಬಿಡಿ. ಅಕ್ಕಿ ಮನಿಗೆ ತಂದ್ ಹಾಕ್ತೆ" ಅನ್ನುವುದು.

ಅಕ್ಕಿ ಯಾರಿಗೆ ಬೇಕಿತ್ತು? ನನಗೆ ಬೇಕಿದ್ದದ್ದು ಗದ್ದೆ. ನನ್ನ ಗದ್ದೆಯ ಕೆಸರು ನನ್ನ ಕಾಲಿಗೇ ಹತ್ತಬೇಕು ಅಂತ ಹಟ. ಹೂಡಲಿಕ್ಕೆ ಕೋಣವೂ ಇಲ್ಲ, ಆಳೂ ಇಲ್ಲದ ಕಾಲ ಬಂದಾಗ, ಟಿಲ್ಲರ್ ತರುವ ಅಂದೆ. ಭಾವ ನಕ್ಕರು. "ಆಯ್ತ್. ಯಾವ ವರ್ಷ ಮಿಷನ್ ಕೈ ಕೊಟ್ಟ್ ಹೂಟಿ ತಪ್ತೋ, ಆ ವರ್ಷದಿಂದ ಗೆದ್ದೆ ನಂದ್" ಅಂದರು. ನಮ್ಮ ಯಜಮಾನರು ಊಟ ಮಾಡುತ್ತಾ, ತಲೆ ಎತ್ತದೆ, "ಅಡ್ಡಿಲ್ಲೆ ಅಣ್ಣ" ಅಂದುಬಿಟ್ಟರು. ಅವರ ಬಾಯಲ್ಲಿ ಅನ್ನ ಇತ್ತು, ಹೋಗುವುದಿದ್ದದ್ದು ನನ್ನ ಗದ್ದೆ!

ಕೀ ಎಲ್ಲಿ?

ಟಿಲ್ಲರ್ ನನ್ನ ತವರಿನ ಕಡೆಯ ಒಬ್ಬರಿಂದ ಕೊಂಡದ್ದು, ಹಳೆಯದು. ಟೆಂಪೋದಲ್ಲಿ ಬಂದು ಅಂಗಳದಲ್ಲಿ ಇಳಿಯಿತು. ಯಜಮಾನರು ಆವತ್ತು ರಜೆ ಹಾಕಿದ್ದರು. ಹೈವೇಯಲ್ಲಿ ಅಷ್ಟು ದೊಡ್ಡ ಬಸ್ಸು ಓಡಿಸುವ ಮನುಷ್ಯ, ಇದೇನು ಮಹಾ ಅಂತ ಮಿಷನ್ನಿಗೆ ಒಂದು ಸುತ್ತು ಬಂದು, "ಕೀ ಎಲ್ಲಿ?" ಅಂದರು.

ಟೆಂಪೋದವನು ಕಿಸಕ್ಕನೆ ನಕ್ಕು, ಸೀಟಿನ ಅಡಿಯಿಂದ ಮೊಣಕೈ ಹಾಗೆ ಬಾಗಿದ ಕಬ್ಬಿಣದ ಹ್ಯಾಂಡಲ್ ಒಂದನ್ನು ತೆಗೆದು ಕೊಟ್ಟ. "ಇದೇ ಕೀ. ತಿರ್ಗ್ಸಿ."

ಯಜಮಾನರು ತಿರುಗಿಸಿದರು. ಅರ್ಧ ಸುತ್ತಿಗೆ ಮಿಷನ್ ಅವರನ್ನು ಹಿಂದಕ್ಕೆ ಎಸೆಯಿತು. ಹುಲ್ಲಿನ ಬಣವೆಗೆ ಹೋಗಿ ಒರಗಿದವರು ಅಲ್ಲಿಂದಲೇ, "ಇದಕ್ಕೆ ಕೊಬ್ಬ್" ಅಂದರು. ಅಷ್ಟರಲ್ಲಿ ಬೇಲಿ ದಾಟಿ ಭಾವ ಬಂದರು. ಪಂಚೆ ಎತ್ತಿ ಕಟ್ಟಿದರು, ಎಲೆಯಡಿಕೆ ಉಗುಳಿದರು, ಹಲ್ಲು ಕಚ್ಚಿ ತಿರುಗಿಸಿದರು. ಮಿಷನ್ನು 'ಗುಕ್' ಅಂತ ಒಂದು ಶಬ್ದ ಮಾಡಿ ಸುಮ್ಮನಾಯಿತು. ಭಾವ ಭುಜ ಹಿಡಿದುಕೊಂಡು, "ಇದ್ ಜಾಮ್ ಆಯ್ತ್. ಗುಜ್ರಿಗ್ ಹಾಕಿ. ಗೆದ್ದೆ ನಂಗೆ ಬಿಡಿ" ಅಂದರು. ಮಿಷನ್ ಬಂದು ಇನ್ನೂ ಟೆಂಪೋದವನ ಚಾ ಮುಗಿದಿರಲಿಲ್ಲ!

ನಾನು ಅಂಗಡಿಗೆ ಓಡಿ, ಮಾರಿದವರ ಮನೆಗೆ ಫೋನ್ ಹಚ್ಚಿದೆ. "ಹ್ವಾಯ್, ನಿಮ್ಮ ಟಿಲ್ಲರ್ ಸ್ಟಾರ್ಟ್ ಆತಿಲ್ಲೆ. ನೀವ್ ಹ್ಯಾಂಗೆ ಮಾಡ್ತಿದ್ರಿ?"

ಆ ಪುಣ್ಯಾತ್ಮ, "ನಾನೆಲ್ಲ್ ಮಾಡ್ತಿದ್ದೆ ಮಾರಾಯ್ತಿ! ನಮ್ಮನಿ ಹೆಂಗ್ಸ್ ಮಾಡ್ತಿದ್ದದ್ದ್. ನಿಲ್ಲಿ, ಅವ್ಳಿಗೇ ಕೊಡ್ತೆ" ಅಂದ.

ಅವಳು ಬಂದಳು. "ದೋಸಿಗೆ ಅರೀತ್ರಿ ಅಲ್ದಾ? ಹಾಂಗೇ ಕಾಣಿ. ಇಂಜಿನ್ ತಲಿ ಮೇಲೊಂದ್ ಸಣ್ಣ ಲಿವರ್ ಇತ್ತ್. ಅದನ್ನ ಎಡಗೈಯಂಗೆ ಎತ್ತಿ ಹಿಡ್ಕಣಿ, ಬಲಗೈಯಂಗೆ ತಿರ್ಗ್ಸಿ. ಲಿವರ್ ಎತ್ತದೆ ತಿರ್ಗ್ಸ್ರೆ ಭೀಮ ಬಂದ್ರೂ ಆತಿಲ್ಲೆ. ಓಟ ಹಿಡ್ದ ಕೂಡ್ಲೆ ಲಿವರ್ ಬಿಡಿ. ಬೈಬೇಡಿ. ಗಂಡ್ಸ್ರ್ ಅರ್ಧ ಉಸ್ರ್ ಬೈಯೂಕೇ ಹಾಳ್ ಮಾಡ್ತ್ರ್."

ಮನೆಗೆ ಬಂದು ಲಿವರ್ ಎತ್ತಿದೆ, ತಿರುಗಿಸಿದೆ, ಬಿಟ್ಟೆ. ಡುಗು ಡುಗು ಡುಗು! ಅರೆಯುವ ಕಲ್ಲು ತಿರುಗಿಸಿದ ಕೈ ಇದು. ಅವರಿಬ್ಬರೂ ಅದರ ದೋಸೆ ತಿಂದವರು ಮಾತ್ರ. ಕಪ್ಪು ಹೊಗೆ ಸೀದಾ ಭಾವನ ಬಿಳಿ ಅಂಗಿಗೆ ಹೋಯಿತು. ಭಾವ ಕೆಮ್ಮುತ್ತಾ, "ಸ್ಟಾರ್ಟ್ ಮಾಡುದ್ ದೊಡ್ಡ ಸಂಗ್ತಿ ಅಲ್ಲ. ನಿಲ್ಸೂಕೆ ಬತ್ತಾ ನಿಂಗೆ?" ಅಂದರು.

ಅಯ್ಯೋ, ನಿಲ್ಲಿಸುವುದನ್ನು ನಾನು ಕೇಳಿಯೇ ಬಂದಿರಲಿಲ್ಲ! ಹಾಗಂತ ಭಾವನ ಎದುರು ಗೊತ್ತಿಲ್ಲ ಅನ್ನುವ ಜಾಯಮಾನ ನನ್ನದಲ್ಲ. "ಎಂತಕ್ಕೆ ನಿಲ್ಸುದ್? ಈಗ ಶುರು ಆದ್ದಷ್ಟೇ" ಅಂದು ಸೀದಾ ಗದ್ದೆಗೆ ಇಳಿಸಿದೆ. ಡೀಸೆಲ್ ಮುಗಿದು ತಾನಾಗಿ ನಿಲ್ಲುವವರೆಗೆ ಹೂಡಿದೆ. ಒಂದೇ ಮಧ್ಯಾಹ್ನದಲ್ಲಿ ಅಷ್ಟು ಗದ್ದೆ ಹೂಡಿದವಳು ಇಡೀ ಯಡ್ತರೆಯಲ್ಲಿ ಇಲ್ಲ ಅಂತ ಆಮೇಲೆ ಹೆಸರಾಯಿತು.

ಬಸ್ಸು ತುಂಬ ಮೆಕ್ಯಾನಿಕ್ಕು

ಒಂದು ಮಳೆಗಾಲ ರಸ್ತೆ ಬದಿಯ ಗದ್ದೆಯಲ್ಲಿ ಟಿಲ್ಲರ್ ನಿಂತುಬಿಟ್ಟಿತು. ನಾನು ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಗ್ಗಿ ಡೀಸೆಲ್ ಪೈಪು ನೋಡುತ್ತಿದ್ದೆ. ಕುಂದಾಪುರದ ಕಡೆ ಹೊರಟ ಬಸ್ಸು ಬಂತು. ಯಾರ ಬಸ್ಸು? ನಮ್ಮ ಯಜಮಾನರದ್ದೇ. ಹೆಂಡತಿ ಮಳೆಯಲ್ಲಿ ನಿಂತದ್ದು ಕಂಡು ಪಾಪ ಬ್ರೇಕ್ ಹಾಕಿದರು. ಅಷ್ಟೇ ಆದದ್ದು. ಒಂದು ಬದಿಯ ಕಿಟಕಿಗಳಿಂದೆಲ್ಲ ತಲೆಗಳು ಹೊರಗೆ ಬಂದವು.

"ಪ್ಲಗ್ ತೆಗ್ದ್ ಉಜ್ಜಿ!" ಮುಂದಿನ ಕಿಟಕಿಯಿಂದ ರಿಟೈರ್ ಆದ ಮೇಷ್ಟ್ರೊಬ್ಬರು ಕೂಗಿದರು.

"ಇದ್ ಡೀಸೆಲ್ ಇಂಜಿನ್ ಮೇಷ್ಟ್ರೆ. ಇದಕ್ಕೆ ಪ್ಲಗ್ಗೇ ಇಲ್ಲೆ."

"ಅದೇ ಕಾಣಿ ತೊಂದ್ರೆ! ಮೊದ್ಲ್ ಒಂದ್ ಪ್ಲಗ್ ಹಾಕ್ಸಿ!"

ಹಿಂದಿನ ಬಾಗಿಲಿನಿಂದ ಬೊಂಬಾಯಿಯಿಂದ ರಜೆಗೆ ಬಂದ ಹೋಟೆಲಿನವರೊಬ್ಬರು ಧುಮುಕಿದರು. ಕಪ್ಪು ಕನ್ನಡಕ, ಇಸ್ತ್ರಿ ಹಾಕಿದ ಪ್ಯಾಂಟು. "ಅರೇ, ಬೊಂಬಾಯಂಗೆ ಗಾಡಿ ನಿಂತ್ರೆ ಯಾರೂ ಬಿಚ್ಚುದಿಲ್ಲೆ. ಧಕ್ಕಾ ಮಾರುದ್, ಅಷ್ಟೇ! ಬನ್ನಿ, ಬನ್ನಿ!" ಅಂತ ಇನ್ನೂ ನಾಲ್ಕು ಜನರನ್ನು ಇಳಿಸಿದರು. ಚಪ್ಪಲಿಯನ್ನು ಜೋಪಾನವಾಗಿ ಬಸ್ಸಿನಲ್ಲೇ ಬಿಟ್ಟು ಗದ್ದೆಗೆ ಇಳಿದರು.

"ಮರ್ರೆ, ಇದ್ ಕೆಸ್ರ್. ದೂಡಿದ್ರೆ ಮುಂದ್ ಹೋತಿಲ್ಲೆ, ಕೆಳಗ್ ಹೋತ್ತ್" ಅಂದೆ. ಕೇಳುವವರು ಯಾರು? "ಬೋಲೋ!" ಅಂತ ದೂಡಿದರು. ಟಿಲ್ಲರ್ ನಾನು ಹೇಳಿದ ಹಾಗೆ ಕೆಳಗೇ ಹೋಯಿತು. ಜೊತೆಗೆ ಅವರ ಪ್ಯಾಂಟೂ ಹೋಯಿತು.

ಆಗ ಹಿಂದಿನಿಂದ ಹಾರನ್ ಕೇಳಿತು. ಇನ್ನೊಂದು ಕಂಪೆನಿಯ ಬಸ್ಸು! ನಮ್ಮ ಕಡೆ ಎರಡು ಬಸ್ಸುಗಳ ಟೈಮಿಂಗಿನ ಜಗಳ ಏನು ಅಂತ ಗೊತ್ತಿದ್ದವರಿಗೇ ಗೊತ್ತು. ಮುಂದೆ ಹೋದವರಿಗೆ ಸ್ಟಾಪಿನ ಜನ, ಹಿಂದೆ ಉಳಿದವರಿಗೆ ಖಾಲಿ ಸೀಟು. ಕಂಡಕ್ಟರ್ ಜೀವ ಹೋಗುವವನ ಹಾಗೆ ಸೀಟಿ ಊದಿದ. ಇಳಿದವರು ಎದ್ದುಬಿದ್ದು ಓಡಿ ಹತ್ತಿದರು. ಯಜಮಾನರು ನನ್ನ ಕಡೆ ತಿರುಗಿಯೂ ನೋಡದೆ ಗೇರ್ ಹಾಕಿದರು.

ಗಲಾಟೆ ಎಲ್ಲ ಹೋದ ಮೇಲೆ ನೋಡಿದರೆ ಡೀಸೆಲ್ ಫಿಲ್ಟರಿನ ಬಟ್ಟಲಿನಲ್ಲಿ ಮಳೆ ನೀರು ಸೇರಿತ್ತು. ಚೆಲ್ಲಿ, ಒರೆಸಿ, ಪೈಪಿನ ಗಾಳಿ ತೆಗೆದು ಹ್ಯಾಂಡಲ್ ಹಾಕಿದೆ. ಡುಗು ಡುಗು. ಹಿಂದಿನಿಂದ ಚಪ್ಪಾಳೆ ಕೇಳಿಸಿತು. ತಿರುಗಿದರೆ ಬೊಂಬಾಯಿಯವರು ಬದುವಿನ ಮೇಲೆ ನಿಂತಿದ್ದಾರೆ, ಸೊಂಟದವರೆಗೆ ಕೆಸರು. "ಕಂಡ್ರ್ಯಾ? ನಾವ್ ಧಕ್ಕಾ ಕೊಟ್ಟದ್ದಕ್ಕೇ ಆದ್ದ್!" ಅಂದರು. ಅವರಿಗೆ ಬಸ್ಸು ಸಿಕ್ಕಿರಲಿಲ್ಲ. ಚಪ್ಪಲಿ ಮಾತ್ರ ಟೈಮಿಗೆ ಸರಿಯಾಗಿ ಕುಂದಾಪುರಕ್ಕೆ ಹೋಗಿತ್ತು.

ಗಂಡಸರ ಹತ್ತಿರ ಮಾತಾಡಬೇಕು

ಒಂದು ಸುಗ್ಗಿ ಬೆಳೆಗೆ ಮಿಷನ್ ನಿಜವಾಗಿಯೂ ಕೈ ಕೊಟ್ಟಿತು. ಏನು ಮಾಡಿದರೂ ಬಿಳಿ ಹೊಗೆ, ಸದ್ದಿಲ್ಲ. ನಾಜಲ್ ಡೀಸೆಲ್ಲನ್ನು ಸಿಂಪಡಿಸುವ ಬದಲು ಸುಮ್ಮನೆ ಸುರಿಸುತ್ತಿದೆ ಅಂತ ನನಗೆ ಗೊತ್ತಾಯಿತು. ಆದರೆ ಅದನ್ನು ಸರಿ ಮಾಡುವ ಸಾಮಾನು ನನ್ನ ಹತ್ತಿರ ಇಲ್ಲ. ಭಾವ ಆಗಲೇ ನಮ್ಮ ಗದ್ದೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ನಡೆದು, ಯಾವ ಬದು ಒಡೆದು ಯಾವುದಕ್ಕೆ ಸೇರಿಸುವುದು ಅಂತ ನೋಡುತ್ತಿದ್ದರು. ನನಗೆ ಹೊಟ್ಟೆ ಉರಿದುಹೋಯಿತು. ಕುಂದಾಪುರದಿಂದ ಮೆಕ್ಯಾನಿಕ್ ಕರೆಸಿದೆ.

ಬೈಕಿನಿಂದ ಇಳಿದವನೇ, "ಮನೆಯಂಗೆ ಗಂಡ್ಸ್ರ್ ಯಾರೂ ಇಲ್ಯಾ?" ಅಂದ.

"ಎಂತಕ್ಕೆ? ಮಿಷನ್ ಇತ್ತಲೆ."

"ಅಲ್ಲಕ್ಕ, ಎಂತ ಆಯ್ತ್ ಅಂದೇಳಿ ಮಾತಾಡೂಕೆ."

"ನಾಜಲ್ ಹೋಯ್ತ್" ಅಂದೆ. ಸಣ್ಣ ಮಗುವಿನ ಮಾತಿಗೆ ನಗುವ ಹಾಗೆ ನಕ್ಕ. "ಹಾಂಗೆಲ್ಲ ಹೇಳೂಕಾತಿಲ್ಲೆ ಅಕ್ಕ. ಗಂಡ್ಸ್ರನ್ನ ಕರೀನಿ."

ಒಳಗೆ ಹೋಗಿ ಮಾವನನ್ನು ಕರೆತಂದೆ. ಆಗ ಮಾವನಿಗೆ ಎಂಬತ್ತು ದಾಟಿತ್ತು. ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿ, "ಗಂಡ್ಸ್ರ್ ಬಂದ್ರ್ ಕಾಣಿ" ಅಂದೆ. ಮೆಕ್ಯಾನಿಕ್ ಮಾವನ ಎದುರು ಕುಕ್ಕರುಗಾಲಿನಲ್ಲಿ ಕೂತು, ಪಿಸ್ಟನ್, ರಿಂಗು, ಪಂಪು, ಹೆಡ್ಡು, ಇಂಜಿನ್ ಪೂರ್ತಿ ಬಿಚ್ಚಬೇಕಾದೀತು ಅಂತ ಕೈ ತಿರುಗಿಸಿ ವಿವರಿಸಿದ. ಮಾವ ಎಲೆಯಡಿಕೆ ಜಗಿಯುತ್ತಾ ಪ್ರತಿ ಮಾತಿಗೂ "ಹ್ಞೂಂ" ಅಂದರು. ಅವನಿಗೆ ಭಾರಿ ಖುಷಿ. ನೋಡಿ, ತಿಳಿದವರ ಹತ್ತಿರ ಮಾತಾಡಿದರೆ ಹೀಗೆ ಅನ್ನುವ ಹಾಗೆ ನನ್ನ ಕಡೆ ನೋಡಿದ.

ಎಲ್ಲ ಮುಗಿದ ಮೇಲೆ ಮಾವ ಉಗುಳಿ ಬಂದು ಕೂತು, "ನೀವ್ ಹೇಳಿದ್ದೆಲ್ಲ ಸಮ. ಹಾಲ್ ಎಷ್ಟ್ ಕೊಡತ್ತ್?" ಅಂದರು.

ಅವನು ಬಾಯಿ ಬಿಟ್ಟ. "ಅಜ್ಜಯ್ಯ, ಇದ್ ಟಿಲ್ಲರ್."

"ಆಯ್ಲಿ. ಗಬ್ಬ ಆಯ್ತಾ?"

ಮೆಕ್ಯಾನಿಕ್ ಮೆಲ್ಲ ಎದ್ದು ನನ್ನ ಹತ್ತಿರ ಬಂದ. "ಅಕ್ಕ, ನೀವೇ ಹೇಳಿ, ಎಂತ ಆದ್ದ್?" ನಾಜಲ್ ಅಂದೆ. ಬಿಚ್ಚಿದ. ನಾಜಲ್ಲೇ. ಸಂಜೆಯೊಳಗೆ ನಾನು ಗದ್ದೆಯಲ್ಲಿದ್ದೆ, ಭಾವ ಬೇಲಿಯ ಆಚೆ ಇದ್ದರು.

ರಾತ್ರಿ ಬಡಿಸುವಾಗ, "ಮಾವ, ಟಿಲ್ಲರ್ ಅಂದೇಳಿ ನಿಮ್ಗೆ ಗೊತ್ತಾಯ್ಲಿಲ್ಯಾ?" ಅಂತ ಕೇಳಿದೆ. ಮಾವ ಕಣ್ಣು ಮಿಟುಕಿಸಿದರು. "ನಂಗೆಂತ ಮಳ್ಳಾ ಹೆಣ್ಣೆ? ಅಂವ ಮನಿ ಯಜಮಾನ್ತಿನ ಬಿಟ್ಟ್ ಕುರ್ಚಿ ಹತ್ರ ಮಾತಾಡ್ತಿದ್ದ. ಕುರ್ಚಿ ಹ್ಯಾಂಗೆ ಮಾತಾಡ್ಕೋ ಹಾಂಗೆ ಮಾತಾಡ್ದೆ."

ಸುಖ ಸಂಸಾರಕ್ಕೆ

ಮಿಷನ್ ಕೆಟ್ಟರೆ ಗದ್ದೆ ಸಿಗುತ್ತದೆ ಅಂತ ಕಾದು ಸಾಕಾದ ಭಾವ ಹೊಸ ದಾರಿ ಹಿಡಿದರು. ನಾನಿಲ್ಲದಾಗ ಟಿಲ್ಲರನ್ನು ತಮ್ಮ ಗದ್ದೆಗೆ ಒಯ್ಯುವುದು, ಟ್ಯಾಂಕ್ ಒಣಗಿಸಿ ತಂದು ನಿಲ್ಲಿಸುವುದು. ಲಿವರಿನ ಗುಟ್ಟು ಅಷ್ಟು ಹೊತ್ತಿಗೆ ಅವರೂ ಕಲಿತಿದ್ದರು. ನಾನೇನು ಕಮ್ಮಿ? ಮನೆ ಬಿಟ್ಟು ಹೋಗುವಾಗೆಲ್ಲ ಹ್ಯಾಂಡಲ್ ಜೊತೆಗೇ ಒಯ್ಯಲು ಶುರು ಮಾಡಿದೆ. ಪೇಟೆಗೆ ಹೋದರೆ ಹ್ಯಾಂಡಲ್, ದೇವಸ್ಥಾನಕ್ಕೆ ಹೋದರೆ ಹ್ಯಾಂಡಲ್. "ಚಿನ್ನ ಮನೆಯಂಗೆ ಬಿಟ್ಟ್ ಕಬ್ಣ ಹೊತ್ಕಂಡ್ ತಿರ್ಗುವ ಹೆಂಗ್ಸನ್ನ ನಾನ್ ಕಂಡದ್ದೇ ಇಲ್ಲೆ" ಅಂತ ಯಜಮಾನರು ತಲೆ ಚಚ್ಚಿಕೊಂಡರು.

ಬ್ರಹ್ಮಾವರದಲ್ಲಿ ನನ್ನ ಚಿಕ್ಕಮ್ಮನ ಮಗಳ ಮದುವೆ. ಉಡುಗೊರೆಗೆ ಒಂದು ಹಿತ್ತಾಳೆ ಕಾಲುದೀಪ ಕೊಂಡು, ಕಾಗದ ಸುತ್ತಿ, ಜವಳಿ ಅಂಗಡಿಯ ಚೀಲಕ್ಕೆ ಹಾಕಿದೆ. ಗ್ರೀಸು ಸೀರೆಗೆ ಹತ್ತಬಾರದು ಅಂತ ಹ್ಯಾಂಡಲಿಗೂ ಕಾಗದ ಸುತ್ತಿ, ಅದೇ ಅಂಗಡಿಯ ಇನ್ನೊಂದು ಚೀಲಕ್ಕೆ ಹಾಕಿದೆ. ಎರಡೂ ಉದ್ದ, ಎರಡೂ ಭಾರ. ಮುಂದಿನದನ್ನು ಬಿಡಿಸಿ ಹೇಳಬೇಕಾ? ಒಂದು ಚೀಲದ ಮೇಲೆ 'ಸುಖ ಸಂಸಾರಕ್ಕೆ ನಮ್ಮ ಹಾರೈಕೆ' ಅಂತ ಚೀಟಿ ಅಂಟಿಸಿ, ಮಂಟಪದಲ್ಲಿ ನಗುನಗುತ್ತಾ ಕೊಟ್ಟು, ಹೋಳಿ​ಗೆ ಊಟ ಮಾಡಿ ಬಂದೆ.

ಮರುದಿನ ಗದ್ದೆಗೆ ಇಳಿದು ಚೀಲ ಬಿಚ್ಚಿದರೆ ಕಾಲುದೀಪ! ಬೇಲಿಯ ಹತ್ತಿರ ಭಾವ ಇದ್ದೇ ಇದ್ದರಲ್ಲ. "ಇನ್ನ್ ದೀಪ ಹಚ್ಚಿ ಹೂಡ್ತ್ಯಾ ಹ್ಯಾಂಗೆ? ಗೆದ್ದೆ ನಂಗೆ ಬಿಡ್" ಅಂದರು. ಸಿಟ್ಟಿನಲ್ಲಿ ನನ್ನ ಕಿವಿಯೆಲ್ಲ ಬಿಸಿಯಾಯಿತು. ಫೋನ್ ಹಚ್ಚಿದೆ. ಮದುಮಗಳೇ ಎತ್ತಿದಳು. ಗಂಡನ ಮನೆಯಲ್ಲಿ ಎಲ್ಲರೂ ಸುತ್ತ ಕೂತು ಉಡುಗೊರೆ ಬಿಚ್ಚಿದ್ದರಂತೆ. ಚೀಟಿ ಓದಿ, ಕಾಗದ ಬಿಚ್ಚಿ, ಹ್ಯಾಂಡಲ್ ಕಂಡ ಮೇಲೆ ಅತ್ತೆ ಮೆಲ್ಲ ಎದ್ದು ಅಡುಗೆಮನೆಗೆ ಹೋದರಂತೆ.

"ತಪ್ಪಾಯ್ತ್ ಮಾರಾಯ್ತಿ, ಇವತ್ತೇ ಕಳ್ಸಿ ಕೊಡ್" ಅಂದೆ.

ಅವಳು ದನಿ ತಗ್ಗಿಸಿ, "ಅಕ್ಕ, ಒಂದ್ ತಿಂಗ್ಳ್ ಇಲ್ಲೇ ಇರ್ಲಿ. ಅದ್ ಬಂದಾಗಿಂದ ಅತ್ತಿ ನಂಗೆ ಕೂಕಂಡಲ್ಲೇ ಕಾಫಿ ತಂದ್ ಕೊಡ್ತಿದ್ರ್" ಅಂದಳು.

ಬಿಡಿ, ಅವಳ ಸಂಸಾರ ಸುಖವಾಗಿರಲಿ. ನಾನು ಆವತ್ತೇ ಕುಂದಾಪುರದ ಗುಜರಿ ಅಂಗಡಿಯಿಂದ ಇನ್ನೊಂದು ಹ್ಯಾಂಡಲ್ ತಂದು ಹೂಡಿದೆ.

ಕಂಬಳಗದ್ದೆ

ಇಷ್ಟು ವರ್ಷ ನಾನು ಎಲ್ಲ ಗದ್ದೆ ಹೂಡಿದ್ದೆ, ಒಂದನ್ನು ಬಿಟ್ಟು. ಅದು ಕಂಬಳಗದ್ದೆ. ನಮ್ಮಲ್ಲಿ ಕಂಬಳ ಅಂದರೆ ಕೋಣ ಓಡಿಸುವ ಪಂದ್ಯ ಅಲ್ಲ, ಶಾಸ್ತ್ರದಂತೆ ಹೂಡಿ ನೆಡುವ ದಿನ, ಅದರ ಕಟ್ಟಳೆಯೇ ಬೇರೆ. ಕಂಬಳದ ದಿನ ಆಚೆ ಬಯಲಿನ ದೊಡ್ಡಮನೆಯ ಅಜ್ಜಯ್ಯ ತಮ್ಮ ಕೋಣದ ಜೋಡಿಯನ್ನು ಮೀಯಿಸಿ, ಸಿಂಗರಿಸಿ, ಡೋಲು ಬಡಿಸಿಕೊಂಡು ತರುತ್ತಿದ್ದರು. ಅವು ಗದ್ದೆಗೆ ಇಳಿದು ಹೂಟಿ ಆಗಬೇಕು, ಹೂಡಿದ ದಿನವೇ ಸಸಿ ನೆಡುವ ನಟ್ಟಿಯೂ ಮುಗಿಯಬೇಕು. ಕಂಬಳಗದ್ದೆಯನ್ನು ಬರಿದೇ ರಾತ್ರಿ ಕಳೆಯಲು ಬಿಡುವ ಹಾಗಿಲ್ಲ. ಹೂಡಿದವನಿಗೆ ಕೊನೆಯಲ್ಲಿ ವೀಳ್ಯ ಕೊಟ್ಟು ತಲೆಗೆ ಮುಂಡಾಸು ಕಟ್ಟುವುದು ಮರ್ಯಾದೆ.

ಆ ವರ್ಷ ಅಜ್ಜಯ್ಯ ಕೋಣ ಮಾರಿದರು. ನೋಡಿಕೊಳ್ಳುವ ಜನ ಇಲ್ಲ, ಹೊಸ ಟಿಲ್ಲರ್ ಬರುತ್ತದೆ, ಇನ್ನೂ ಬಂದಿಲ್ಲ ಅಂದರು. ಹಾಗಾದರೆ ನಮ್ಮ ಕಂಬಳಗದ್ದೆಗೆ ಯಾರು? ನಮ್ಮದೇ ಟಿಲ್ಲರ್ ಇಳಿಯಲಿ ಅಂತ ಹಿರಿಯರೆಲ್ಲ ಒಪ್ಪಿದರು. ನನ್ನ ಎದೆ ಉಬ್ಬಿತು. ಮರುಕ್ಷಣವೇ ಅಜ್ಜಯ್ಯ, "ಆದ್ರೆ ಕಂಬಳಗೆದ್ದೆ ಹೂಡೂಕೆ ಹೆಂಗ್ಸ್ ಇಳೂಕಾಗ. ಅದ್ ಕಟ್ಳೆ. ನಿಮ್ಮ ಭಾವ ಹೂಡ್ಲಿ" ಅಂದರು.

ಭಾವ ಆಗಲೇ ಪಂಚೆ ಎತ್ತಿ ಕಟ್ಟಿದರು. ಆವತ್ತು ಕಂಬಳಗದ್ದೆಯಲ್ಲಿ ಯಾರ ಕೈ ಟಿಲ್ಲರಿನ ಮೇಲೆ ಇರುತ್ತದೋ, ನಾಳೆಯಿಂದ ಊರಿನ ಬಾಯಲ್ಲಿ ಗದ್ದೆ ಅವರದ್ದೇ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಯಜಮಾನರು, "ನಂಗೆ ಡ್ಯೂಟಿ ಇತ್ತ್" ಅಂತ ಕಂಬಳದ ದಿನ ಬೆಳಿಗ್ಗೆಯೇ ಬಸ್ಸು ಹತ್ತಿದರು. ನಾನು ಹ್ಯಾಂಡಲನ್ನು ಭಾವನ ಕೈಗೆ ಕೊಟ್ಟೆ. ಕಣ್ಣಲ್ಲಿ ನೀರು ಬಂತು. ಸಿಟ್ಟಿನ ನೀರು.

ಗಂಡಸರು ಟಿಲ್ಲರನ್ನು ಕೋಣವನ್ನು ಸಿಂಗರಿಸಿದ ಹಾಗೇ ಸಿಂಗರಿಸಿದರು. ಅವರಿಗೆ ಗೊತ್ತಿದ್ದದ್ದೇ ಅದು. ತಲೆಯಿಂದ ನೀರು ಹೊಯ್ದು ಮೀಯಿಸಿದರು. ಕೋಣದ ಕೋಡಿಗೆ ಹಚ್ಚುವ ಹಾಗೆ ಎರಡು ಹಿಡಿಕೆಗೂ ತೆಂಗಿನೆಣ್ಣೆ ಹಚ್ಚಿದರು. ಮಿಷನ್ನಿನ ಹೆಡ್‌ಲೈಟಿಗೆ ಗಂಧ ಕುಂಕುಮ, ಕೊರಳು ಅಂತ ಅವರಿಗೆ ಕಂಡ ಕಡೆ ಹೂವಿನ ಮಾಲೆ, ಮೈಗೆ ಜರಿ ಅಂಚಿನ ದೊಡ್ಡ ಶಾಲು ಸುತ್ತಿ ಬಿಗಿಯಾಗಿ ಗಂಟು. ಯಾರೋ ಒಬ್ಬರು ಇಂಜಿನ್ನಿನ ಮುಂದೆ ಬಾಳೆಹಣ್ಣನ್ನೂ ಹಿಡಿದರು. ಅದು ತಿನ್ನಲಿಲ್ಲ, ಅವರೇ ತಿಂದರು.

ಡೋಲು ಶುರುವಾಯಿತು. ಭಾವ ಕೈ ಮುಗಿದು, ಲಿವರ್ ಎತ್ತಿ, ಹ್ಯಾಂಡಲ್ ತಿರುಗಿಸಿದರು. ಪುಸ್. ಇನ್ನೊಮ್ಮೆ. ಪುಸ್. ಡೋಲಿನವನು ಪಾಪ ಪ್ರತಿ ಸಲವೂ ಜೋರಾಗಿ ಬಾರಿಸಿ, ಪ್ರತಿ ಸಲವೂ ಮೆಲ್ಲ ನಿಲ್ಲಿಸಿದ. ಭಾವನ ಮಕ್ಕಳು ತಿರುಗಿಸಿದರು, ನೆರೆಕರೆಯವರು ತಿರುಗಿಸಿದರು, ಬಾಳೆಹಣ್ಣು ತಿಂದವರೂ ತಿರುಗಿಸಿದರು. ಬಿಸಿಲು ಏರಿತು. ಕಿತ್ತು ತಂದ ಅಗಿ, ಅಂದರೆ ಸಸಿ ಕಟ್ಟುಗಳು, ಬದುವಿನ ಮೇಲೆ ಬಾಡತೊಡಗಿದವು. ನಟ್ಟಿಗೆ ಬಂದ ಹೆಂಗಸರು ಸೀರೆ ಎತ್ತಿ ಕಟ್ಟಿಕೊಂಡು ಕೂತೇ ಇದ್ದರು. ಅವರಲ್ಲಿ ಹಿರಿಯಳೊಬ್ಬಳು, "ಹೂಡ್ತ್ರೋ ಇಲ್ಯೋ ಹೇಳಿ. ಈ ಅಗಿ ಸಂಜಿಗ್ ಒಲಿಗ್ ಹಾಕೂಕ್ ಅಡ್ಡಿಲ್ಲೆ" ಅಂದಳು.

ಆಗ ಶುರುವಾಯಿತು ನೋಡಿ. "ಹೆಂಗ್ಸ್ ಕೈ ಹಾಕಿದ ಮಿಷನ್. ಕಂಬಳಗೆದ್ದೆಗೆ ಬಪ್ಪುಕ್ ಒಪ್ತಿಲ್ಲೆ" ಅಂದರು ಬಾಳೆಹಣ್ಣಿನವರು.

ಅಷ್ಟು ಹೊತ್ತು ತುಟಿ ಕಚ್ಚಿ ನಿಂತಿದ್ದೆ. ಇನ್ನು ಆಗಲಿಲ್ಲ. "ಹೌದ್ ಮರ್ರೆ! ಇಷ್ಟ್ ವರ್ಷ ನಾನ್ ಕೈ ಹಾಕ್ದಾಗ ಓಡ್ತ್. ಇವತ್ತ್ ನೀವೆಲ್ಲ ಕೈ ಹಾಕ್ರಿ, ನಿಂತ್ತ್. ಯಾರ ಕೈ ದೋಷ?" ಅಂದೆ. ಅಜ್ಜಯ್ಯನ ಕಡೆ ತಿರುಗಿ, "ಅಜ್ಜಯ್ಯ, ಇದೇ ಗೆದ್ದೆಗೆ ನಟ್ಟಿ ಮಾಡೂಕೆ ಇಳುದ್ ಯಾರ್? ಸೊಂಟ ಬಗ್ಸಿ ದಿನ ಇಡೀ ನೆಡೂಕೆ ಹೆಂಗ್ಸ್ರ್ ಆತ್ರ್. ನಿಂತ್ಕಂಡ್ ಹೂಡೂಕೆ ಆತಿಲ್ಯಾ? ಬಗ್ಗಿದ್ರೆ ಮೈಲಿಗೆ ಇಲ್ಲೆ, ನೆಟ್ಟಗ್ ನಿಂತ್ರೆ ಮೈಲಿಗೆಯಾ?" ಅಂದೆ.

ಬದುವಿನ ಮೇಲಿದ್ದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಅಜ್ಜಯ್ಯನ ಮುಖ ಕೆಂಪಾಯಿತು. ಒಂದು ಕಡೆ ಬಾಡುವ ಸಸಿ, ಇನ್ನೊಂದು ಕಡೆ ಇಳಿಯುವ ಹೊತ್ತು. "ಗೆದ್ದೆ ಬರಿದ್ ಬಿಡೂಕಾಗ" ಅಂದವರೇ ಸಿಡುಕಿನಿಂದ, "ಯಾರ್ ಸ್ಟಾರ್ಟ್ ಮಾಡ್ತ್ರೋ ಅವ್ರೇ ಹೂಡಿ ಸಾಯ್ಲಿ!" ಅಂದುಬಿಟ್ಟರು.

ಅಷ್ಟು ಸಾಕಿತ್ತು. ಸೀದಾ ಹೋಗಿ ಆ ಜರಿ ಶಾಲಿನ ಗಂಟು ಬಿಚ್ಚಿದೆ. ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಯನ್ನೇ ಮುಚ್ಚಿ ಕಟ್ಟಿದ್ದರು ಮಹಾನುಭಾವರು! ಒದ್ದೆ ಶಾಲು ಬೇರೆ. ಮೂಗು ಬಾಯಿ ಕಟ್ಟಿ ಓಡು ಅಂದರೆ ಕೋಣವಾದರೂ ಓಡೀತಾ? ಶಾಲನ್ನು ಹಿಂಡಿ, ಕೊಡವಿ, ಭಾವನ ಹೆಗಲಿಗೆ ಹೊದಿಸಿದೆ. "ಬೆಳ್ಗಿಂದ ತಿರ್ಗ್ಸಿ ತಿರ್ಗ್ಸಿ ಬಚ್ಚಿದ್ರಿ ಭಾವ, ಸನ್ಮಾನ ನಿಮ್ಗೇ ಇರ್ಲಿ" ಅಂದೆ. ಹಿಡಿಕೆಯ ತೆಂಗಿನೆಣ್ಣೆಯನ್ನು ಸೆರಗಿನಲ್ಲಿ ಒರೆಸಿ, ಲಿವರ್ ಎತ್ತಿ, ತಿರುಗಿಸಿ, ಬಿಟ್ಟೆ.

ಡುಗು ಡುಗು ಡುಗು ಡುಗು!

ಡೋಲಿನವನು ಯಾರ ಅಪ್ಪಣೆಗೂ ಕಾಯಲಿಲ್ಲ, ಬಾರಿಸಿದ ನೋಡಿ! ಹಿಂದಿನಿಂದ ಅಜ್ಜಯ್ಯ ಕೈ ಬೀಸಿ ಏನೋ ಕೂಗುತ್ತಿದ್ದರು. ಇಂಜಿನ್ನಿನ ಸದ್ದಿಗೆ ನನಗೆ ಕೇಳಿಸಲಿಲ್ಲ. ಕೇಳಿಸಿದ್ದರೂ ಕೇಳಿಸುತ್ತಿರಲಿಲ್ಲ. ಕಂಬಳಗದ್ದೆಯ ಕೆಸರು ಮೊಣಕಾಲಿನವರೆಗೆ ಹತ್ತಿತು. ಅಷ್ಟು ತಂಪು ಕೆಸರನ್ನು ನಾನು ಬೇರೆಲ್ಲೂ ಮೆಟ್ಟಿಲ್ಲ. ನನ್ನ ಹಿಂದೆಯೇ ಹೆಂಗಸರು ಇಳಿದರು. ಹೊತ್ತು ಮುಳುಗುವ ಮೊದಲು ಗದ್ದೆ ಹಸಿರಾಯಿತು.

ಕೊನೆಗೆ ಮರ್ಯಾದೆಯ ಹೊತ್ತು. ಅಜ್ಜಯ್ಯ ವೀಳ್ಯ ಕೊಟ್ಟರು. ನಾನು ಮುಂಡಾಸಿಗೆ ತಲೆ ಬಗ್ಗಿಸಿದೆ. "ಹೆಂಗ್ಸಿಗೆ ಮುಂಡಾಸ್ ಕಟ್ಟಿದ್ದ್ ಎಲ್ಲಾದ್ರೂ ಇತ್ತಾ? ಕಟ್ಳೆ ಇಲ್ಲೆ" ಅಂತ ಅವರು ಅದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದರು. ಹೂಡಿದ್ದು ನಾನು, ತಲೆ ಬರಿದೇ ಉಳಿಯಿತು. ಅದೊಂದು ನನಗೆ ಚುಚ್ಚಿತು. ಸುಳ್ಳು ಯಾಕೆ ಹೇಳಲಿ, ಆ ರಾತ್ರಿ ನನಗೆ ಅನ್ನ ಸೇರಲಿಲ್ಲ.

ಮುಂದಿನ ವಾರ ದೊಡ್ಡಮನೆಯದೇ ಕಂಬಳ. ಅವರ ಹೊಸ ಟಿಲ್ಲರ್ ಬಂದಿದೆ, ಫಳಫಳ ಹೊಳೆಯುತ್ತದೆ ಅಂತ ಸುದ್ದಿ ಇತ್ತು. ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಆಚೆ ಬಯಲಿನಿಂದ ಡೋಲು ಕೇಳಿಸಿತು. ನಿಂತಿತು. ಮತ್ತೆ ಕೇಳಿಸಿತು. ಮತ್ತೆ ನಿಂತಿತು. ನಾನು ಹಿಡಿಸೂಡಿ ಮೂಲೆಗಿಟ್ಟು, ಕಾಲು ತೊಳೆದು, ಜಗಲಿಯಲ್ಲಿ ಕೂತೆ.

ತುಸು ಹೊತ್ತಿಗೆ ಅಜ್ಜಯ್ಯ ಬಂದರು. ಏದುಸಿರು. "ಹ್ವಾಯ್, ನಮ್ಮ ಮಿಷನ್ ಸ್ಟಾರ್ಟ್ ಆತಿಲ್ಲೆ. ಅಗಿ ಬಾಡತ್ತ್. ಒಂಚೂರ್ ಬಂದ್ ಹೂಡಿ ಕೊಡ್ ಮಾರಾಯ್ತಿ."

"ನಾನಾ? ಅಜ್ಜಯ್ಯ, ಕಂಬಳಗೆದ್ದೆ ಹೂಡೂಕೆ ಹೆಂಗ್ಸ್ ಇಳೂಕಾಗ. ಕಟ್ಳೆ."

ಅಜ್ಜಯ್ಯ ಒಂದು ಕ್ಷಣವೂ ಯೋಚಿಸಲಿಲ್ಲ. "ಅದ್ ನಿಮ್ಮ ಗೆದ್ದೆ ಕಟ್ಳೆ. ನಮ್ಮ ಗೆದ್ದೆಗೆ ಹಾಂಗೆಂತದೂ ಇಲ್ಲೆ!"

ನಾನು ಏಳಲಿಲ್ಲ. "ಮುಂಡಾಸ್?"

"ಹೂಡಿ ಆದ ಮೇಲೆ ಕಾಂಬ."

"ಆಯ್ತ್. ಹಾಂಗಾರೆ ಹೂಡುದೂ ಆಮೇಲೆ ಕಾಂಬ" ಅಂದು ಎಲೆಗೆ ಸುಣ್ಣ ಹಚ್ಚಲು ಶುರು ಮಾಡಿದೆ.

ಅಜ್ಜಯ್ಯ ಹಿಂದೆ ನೋಡಿದರು, ಮುಂದೆ ನೋಡಿದರು. ಬೇಲಿಯ ಹತ್ತಿರ ನಮ್ಮ ಭಾವ ಬಿಟ್ಟರೆ ಯಾರೂ ಇರಲಿಲ್ಲ. ಮೆಲ್ಲ ತಮ್ಮ ತಲೆಯ ಮುಂಡಾಸನ್ನೇ ಬಿಚ್ಚಿ, ನನ್ನ ತಲೆಗೆ ಸುತ್ತಿ ಕಟ್ಟಿದರು. ಅವಸರದಲ್ಲೂ ಲಾಯ್ಕ್, ಚೆಂದ ಮಾಡಿ ಕಟ್ಟಿದರು. "ಆಯ್ತಲೆ? ಹೋಪನಾ ಇನ್ನ್?"

ಎದ್ದೆ. ದೊಡ್ಡಮನೆಗೆ ಗದ್ದೆಯ ಬದುವಿನಲ್ಲಿ ಹೋದರೆ ಕೂಗಳತೆ ದೂರ. ನಾನು ಗೇಟು ತೆಗೆದು ರಸ್ತೆಗೆ ಇಳಿದೆ, ಅಂಗಡಿಗಳಿರುವ ಕಡೆಗೆ.

ಅಜ್ಜಯ್ಯ ಬರಿ ತಲೆಯಲ್ಲಿ ಹಿಂದಿನಿಂದ ಓಡೋಡಿ ಬಂದು, "ಅಲ್ಲ್ ಎಲ್ಲಿಗೆ ಹೋತೆ? ಇತ್ಲಾಗ್ ಬಾ, ಬೈಲ್ ದಾರಿ ಹತ್ರ ಆತ್ತ್!" ಅಂದರು.

"ಆತ್ತ್ ಅಜ್ಜಯ್ಯ," ಅಂದೆ. "ಆದ್ರೆ ಅಲ್ಲ್ ಕಾಂಬುಕೆ ಜನ ಇಲ್ಲೆ."